ಅಂಕೋಲೆಯ ಗೋದಾಮು, ಕಾರವಾರದ ಪರದೆ: ಕೊಟೇಷನ್ ಒಪ್ಪುವ ಮುನ್ನ

ಅಂಕೋಲೆಯಲ್ಲಿ ಗೋದಾಮು, ಕಾರವಾರದಲ್ಲಿ ಅಂಗಡಿ ಹೊಂದಿರುವ ವರ್ತಕರು ಸುಮಾರು 35 ಕಿ.ಮೀ. ಹೆದ್ದಾರಿಯನ್ನು ದಿನವೂ ಸವೆಸುವ ಬದಲು, ಗೋದಾಮಿನ ಕ್ಯಾಮೆರಾ ಚಿತ್ರವನ್ನು ಅಂಗಡಿಯಲ್ಲೇ ನೋಡಬಯಸುವುದು ಸಹಜ. ಇಂತಹ ಕೊಟೇಷನ್‌ಗಳಲ್ಲಿ ‘ಮಲ್ಟಿಕಾಸ್ಟ್ ಸೌಲಭ್ಯವುಳ್ಳದ್ದು’ ಎಂಬ ಸಾಲಿಗೆ ಹೆಚ್ಚಿನ ದರ ನಮೂದಾಗಿರುವುದುಂಟು. ಅದರ ಅರ್ಥ ತಿಳಿದ ಬಳಿಕವೇ ಚೆಕ್ ಬರೆಯುವುದು ಲೇಸು.

ಒಂದು ಕ್ಯಾಮೆರಾಕ್ಕೆ ಸೆಕೆಂಡಿಗೆ 2 ಮೆಗಾಬಿಟ್ ಬೇಕೆಂದು ಇಟ್ಟುಕೊಳ್ಳೋಣ. 4 ಕ್ಯಾಮೆರಾ, 5 ಪರದೆ. ಪ್ರತಿ ಪರದೆಗೂ ಪ್ರತ್ಯೇಕ ಪ್ರತಿ ಕಳುಹಿಸಿದರೆ ಗೋದಾಮಿನಿಂದ 40 ಮೆಗಾಬಿಟ್ ಹೊರಡಬೇಕು. ಮಲ್ಟಿಕಾಸ್ಟ್‌ನಲ್ಲಿ ಒಂದೇ ಪ್ರತಿ ಹೊರಟು, ದಾರಿ ಕವಲೊಡೆಯುವಲ್ಲಿ ಮಾತ್ರ ನಕಲಾಗುತ್ತದೆ. 8 ಮೆಗಾಬಿಟ್ ಸಾಕು. ಪತ್ರಿಕೆಯ ಒಂದೇ ಕಟ್ಟು ಬಸ್ ನಿಲ್ದಾಣಕ್ಕೆ ಬಂದು ಅಲ್ಲಿಂದ ಮನೆಮನೆಗೆ ಹಂಚಿಕೆಯಾಗುವಂತೆ. ಇದಕ್ಕಾಗಿ 224ರಿಂದ 239ರವರೆಗಿನ ಸಂಖ್ಯೆಗಳಿಂದ ಆರಂಭವಾಗುವ ಗುಂಪು ವಿಳಾಸಗಳನ್ನು ಮೀಸಲಿಡಲಾಗಿದೆ.

ತೊಡಕಿರುವುದು ರೂಟರಿನಲ್ಲಿ. ಅಂಗಡಿಯೊಳಗಿನ 192.168 ಎಂದು ಆರಂಭವಾಗುವ ವಿಳಾಸಗಳಿಗೆ ಹೊರಜಗತ್ತಿನಲ್ಲಿ ಮಾನ್ಯತೆಯಿಲ್ಲ. ಆದುದರಿಂದ ರೂಟರು ‘ನ್ಯಾಟ್’ ಎಂಬ ವಿಳಾಸ ಬದಲಾವಣೆಯನ್ನು ಮಾಡುತ್ತದೆ. 1994ರಲ್ಲಿ ಪ್ರಕಟವಾದ ಈ ವಿಧಾನವು ನಮ್ಮ ಖಾತೆಪುಸ್ತಕದಂತೆಯೇ: ಒಳಗಿನಿಂದ ಯಾರು ಏನು ಕೇಳಿದರೆಂದು ನಮೂದಿಸಿ, ಬಂದ ಉತ್ತರವನ್ನು ಅವರ ಖಾತೆಗೇ ಜಮಾ ಮಾಡುವುದು. ಗುಂಪಿಗೆಂದು ಹೊರಗಿನಿಂದ ಬರುವ ಪ್ರವಾಹಕ್ಕೆ ಅಂತಹ ನಮೂದೇ ಇರುವುದಿಲ್ಲ. ಮೇಲಾಗಿ, ಸಾಮಾನ್ಯ ಇಂಟರ್‌ನೆಟ್ ಸಂಪರ್ಕಗಳು ಒಬ್ಬ ಗ್ರಾಹಕನ ಮಲ್ಟಿಕಾಸ್ಟನ್ನು ಮತ್ತೊಬ್ಬನಿಗೆ ಸಾಗಿಸುವುದೇ ಇಲ್ಲ. ಅಂಕೋಲೆಯ ಪ್ರವಾಹ ಗೋದಾಮಿನ ಹೊಸ್ತಿಲಲ್ಲೇ ನಿಲ್ಲುತ್ತದೆ.

ಗುಂಪು ವಿಳಾಸವನ್ನೇ ಬದಲಿಸಿ ಕೊಡುವ ‘ಮಲ್ಟಿಕಾಸ್ಟ್ ನ್ಯಾಟ್’ ಉಪಕರಣಗಳೂ ಇವೆ. ಅವುಗಳ ಸ್ಥಾನ ದೂರದರ್ಶನ ಪ್ರಸಾರ ಕೇಂದ್ರ, ಷೇರು ವಿನಿಮಯ ಕೇಂದ್ರಗಳ ಧಾರಣೆ ಪಡೆಯುವ ದೊಡ್ಡ ದಲ್ಲಾಳಿ ಸಂಸ್ಥೆ ಮೊದಲಾದೆಡೆ. ಖಾಸಗಿ ಮಾರ್ಗದಲ್ಲಿ ಬರುವ ಎರಡು ಮೂಲಗಳು ಒಂದೇ ಗುಂಪು ಸಂಖ್ಯೆಯನ್ನು ಬಳಸಿದಾಗ ಗೊಂದಲ ತಪ್ಪಿಸಲು. ಅಡಿಕೆ, ಮೀನಿನ ವ್ಯಾಪಾರಿಗೆ ಅದರ ಖರ್ಚು ವ್ಯರ್ಥವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಎರಡೂ ಊರುಗಳ ರೂಟರುಗಳ ನಡುವೆ ವಿಪಿಎನ್ ಎಂಬ ಗುಪ್ತ ಮಾರ್ಗವನ್ನು ಸ್ಥಾಪಿಸಿ, ಕಾರವಾರದ ರೆಕಾರ್ಡರಿಗೆ ಒಂದೇ ಪ್ರತಿ ತರಿಸಿ, ಅಲ್ಲಿಂದ ಪರದೆಗಳಿಗೆ ಹಂಚಿದರೆ ಅದೇ 8 ಮೆಗಾಬಿಟ್‌ನಲ್ಲಿ ಕೆಲಸ ಮುಗಿಯುತ್ತದೆ. ಇದಕ್ಕೆ ಒಂದು ತುದಿಯಲ್ಲಾದರೂ ಸ್ವಂತ ಸಾರ್ವಜನಿಕ ವಿಳಾಸವಿರುವುದು ಅನುಕೂಲ. ಮೊಬೈಲ್ ಸಂಪರ್ಕಗಳಲ್ಲಿ ಸಾಮಾನ್ಯವಾಗಿ ಒಂದೇ ವಿಳಾಸವನ್ನು ಅನೇಕ ಗ್ರಾಹಕರು ಹಂಚಿಕೊಂಡಿರುತ್ತಾರೆ. ಕ್ಯಾಮೆರಾದ ಬಾಗಿಲನ್ನು ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಡುವ ಸುಲಭೋಪಾಯಕ್ಕೆ ಮಾತ್ರ ಒಪ್ಪಬಾರದು. ನಿಮ್ಮ ದಾಸ್ತಾನನ್ನು ಅಪರಿಚಿತರೂ ನೋಡಿಯಾರು.

ಕೊನೆಯ ಕಂತು ಪಾವತಿಸುವ ಮುನ್ನ, ಕಾರವಾರದ ಐದೂ ಪರದೆಗಳಲ್ಲಿ ಏಕಕಾಲಕ್ಕೆ ಚಿತ್ರ ಮೂಡಿಸಿ, ಅಂಕೋಲೆಯಿಂದ ಹೊರಡುತ್ತಿರುವ ಮೆಗಾಬಿಟ್ ಎಷ್ಟೆಂದು ಪೂರೈಕೆದಾರರಿಂದಲೇ ಬರೆಸಿಕೊಳ್ಳಿರಿ.