ಮುಡಿಪಿನ ದುಡ್ಡಿಗೆ ಕೈ ಹಾಕಬಾರದು

ಹಾಲಿವುಡ್ ನಟರಾದ ಡಸ್ಟಿನ್ ಹಾಫ್‌ಮನ್ ಮತ್ತು ಜೀನ್ ಹ್ಯಾಕ್‌ಮನ್ ಇನ್ನೂ ಹೆಸರು ಮಾಡಿರದ ದಿನಗಳವು. ಹಾಫ್‌ಮನ್ ಸಾಲ ಕೇಳಿದರು, ಹ್ಯಾಕ್‌ಮನ್ ಒಪ್ಪಿದರು. ಆಮೇಲೆ ಗೆಳೆಯನ ಅಡುಗೆಮನೆಗೆ ಹೋಗಿ ನೋಡಿದರೆ ಸಾಲಾಗಿ ಗಾಜಿನ ಜಾಡಿಗಳು. ಒಂದರ ಮೇಲೆ 'ಬಾಡಿಗೆ' ಎಂಬ ಚೀಟಿ, ಒಳಗೆ ದುಡ್ಡು. ಹಣ ಇಟ್ಟುಕೊಂಡು ಸಾಲ ಏಕೆ ಎಂದಾಗ ಹಾಫ್‌ಮನ್ 'ಊಟ'ದ ಜಾಡಿ ತೋರಿಸಿದರು. ಅದು ಖಾಲಿ.

ಮನಸ್ಸು ಹಣವನ್ನು ಹೀಗೆ ಖಾನೆ ಖಾನೆಯಾಗಿ ಇಡುವುದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್‌ಗೆ 2017ರಲ್ಲಿ ನೊಬೆಲ್ ಬಂತು. ಅದಕ್ಕೂ ಮೊದಲೇ, 1981ರಲ್ಲಿ, ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾನಮನ್ ಒಂದು ಪ್ರಶ್ನೆ ಕೇಳಿದ್ದರು. ನಾಟಕದ ಬಾಗಿಲಲ್ಲಿ 10 ಡಾಲರ್ ನೋಟು ಕಳೆದರೆ ಟಿಕೆಟ್ ಕೊಳ್ಳುತ್ತೀರಾ? ಶೇ 88 ಜನ ಹೌದೆಂದರು. ಕಳೆದದ್ದು 10 ಡಾಲರ್ ಟಿಕೆಟ್ಟೇ ಆದರೆ? ಇನ್ನೊಂದು ಕೊಳ್ಳುತ್ತೇವೆಂದವರು ಶೇ 46. ನಷ್ಟ ಅಷ್ಟೇ, ಖಾನೆ ಮಾತ್ರ ಬೇರೆ.

ಲೆಕ್ಕದ ಪ್ರಕಾರ ಇದು ಪೆದ್ದುತನ. ಮಗಳ ಮದುವೆಯ ಎಫ್‌ಡಿ ಮುರಿಯದೆ ಕ್ರೆಡಿಟ್ ಕಾರ್ಡಿಗೆ ಅದರ ಎಷ್ಟೋ ಪಟ್ಟು ಬಡ್ಡಿ ಕಟ್ಟುವವರನ್ನು ನಾನೂ ಸಮರ್ಥಿಸಲಾರೆ. ಆದರೆ ಅರಿಶಿನ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಲ್ಲಿಟ್ಟ ಮುಡಿಪಿನ ಮಾತು ಬೇರೆ. ಎಷ್ಟೇ ಕಷ್ಟ ಬರಲಿ, ಪಕ್ಕದ ಮನೆಯಲ್ಲಿ ಕೈಗಡ ತಂದಾರೇ ಹೊರತು ಅದರ ಗಂಟು ಬಿಚ್ಚುವುದಿಲ್ಲ. ಒಮ್ಮೆ ಬಿಚ್ಚಿದರೆ ಮತ್ತೆ ಮತ್ತೆ ಬಿಚ್ಚುತ್ತೇವೆಂದು ನಮಗೇ ಗೊತ್ತು.

ಗೃಹಿಣಿಯರ ಸಾಸಿವೆ ಡಬ್ಬಿಯದು ಇನ್ನೂ ಸೂಕ್ಷ್ಮ. ಅಲ್ಲಿ ದುಡ್ಡು ಬಚ್ಚಿಡುವುದು ಸ್ವಂತ ಚಪಲಕ್ಕೆ ಹೆದರಿಯಲ್ಲ, ಮನೆಯವರ ಕೈಗೆ ಹೆದರಿ. ಅದಿದೆ ಎಂಬುದು ಯಾರಿಗೂ ತಿಳಿಯದಿರುವುದೇ ಅದರ ಬೀಗ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ ಆ ಬೀಗ ಮುರಿಯಿತು. 2.5 ಲಕ್ಷದವರೆಗಿನ ಜಮೆಗೆ ತೆರಿಗೆ ಇಲಾಖೆಯ ತಕರಾರಿಲ್ಲ ಎಂದು ಸರ್ಕಾರ ಗೃಹಿಣಿಯರಿಗೆ ಅಭಯ ಕೊಟ್ಟಿತು. ಗಂಡನ ತಕರಾರಿಗೆ ಅಂಥ ಅಭಯವೇನೂ ಇರಲಿಲ್ಲ. ಒಮ್ಮೆ ಎಲ್ಲರ ಕಣ್ಣಿಗೆ ಬಿದ್ದ ದುಡ್ಡು ಮನೆಖರ್ಚಿನ ಲೆಕ್ಕಕ್ಕೇ ಸೇರುವುದು. ಸೊಪ್ಪು ತಂದು ಉಳಿದ ಚಿಲ್ಲರೆಯಿಂದ ಮತ್ತೆ ಶುರು ಮಾಡಬೇಕು, ಈ ಸಲ ಬೇರೆ ಡಬ್ಬಿಯಲ್ಲಿ.