ದೋಣಿಬಂಡಿಯ ಕಮಾನು

ನೀರಿನ ಮೇಲೆ ಸಾಗಬೇಕಾದ ದೋಣಿಗೆ ನೆಲದ ಮೇಲೊಂದು ಬಂಡಿ ಬೇಕೆಂದರೆ ನಮ್ಮ ಕರಾವಳಿಯ ಮೊಗವೀರರು ನಕ್ಕಾರು. ಅವರ ದೋಣಿ ತಂಗುವುದು ಮರಳದಂಡೆಯಲ್ಲಿ, ಇಲ್ಲವೆ ಅಳಿವೆಯಲ್ಲಿ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಮಾತು ಬೇರೆ. ಆ ಊರಿಗೆ ಒಂದು ಬದಿಯಲ್ಲಿ ವೈಟೆಮಾಟಾ ಬಂದರು, ಇನ್ನೊಂದು ಬದಿಯಲ್ಲಿ ಮಾನುಕಾವ್. ದೋಣಿ ಮಾತ್ರ ಮನೆಯ ಅಂಗಳದಲ್ಲಿ. ರಜೆಯ ದಿನ ಅದನ್ನು ಟ್ರೇಲರೆಂಬ ಬಂಡಿಯ ಮೇಲೆ ಕಾರಿಗೆ ಕಟ್ಟಿ ಒಯ್ಯುತ್ತಾರೆ. ಇಳಿಜಾರಿನಲ್ಲಿ ಹಿಂದುಹಿಂದಕ್ಕೆ ನೂಕಿ, ಚಕ್ರ ಮುಳುಗುವವರೆಗೆ ಬಂಡಿಯನ್ನು ಕಡಲಿಗಿಳಿಸಿ ದೋಣಿಯನ್ನು ತೇಲಿಬಿಡುತ್ತಾರೆ. ನನ್ನ ಮಗನ ಸಂಸಾರ ಅಲ್ಲಿದೆ. ಅವನು ತನ್ನ ಬಂಡಿಯ ಸವೆದ ಕಮಾನುಗಳನ್ನು ಬದಲಾಯಿಸಿದಾಗ ಟಾರ್ಚು ಹಿಡಿದು ನಿಂತವನು ನಾನು. ಅಂದು ಕಂಡು, ಕೇಳಿ, ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಬಂಡಿಯ ಅಚ್ಚಿಗೂ ಮೇಲಿನ ಚೌಕಟ್ಟಿಗೂ ನಡುವೆ ಇರುವ ಉಕ್ಕಿನ ಪಟ್ಟಿಗಳ ಕಟ್ಟೇ ಕಮಾನು. ಪಾರಸಿಯಲ್ಲಿ ಕಮಾನ್ ಎಂದರೆ ಬಿಲ್ಲು, ಹೆಸರು ಅನ್ವರ್ಥವಾಗಿದೆ. ಎಲ್ಲಕ್ಕಿಂತ ಉದ್ದವಾದ ಪಟ್ಟಿಯ ತುದಿಯನ್ನು ಸುರುಳಿ ಸುತ್ತಿ ಬೋಲ್ಟು ತೂರುವಂತೆ ಕಣ್ಣು ಮಾಡಿರುತ್ತಾರೆ. ಅದಕ್ಕೆ ಒತ್ತಿಕೊಂಡು ಒಂದಕ್ಕಿಂತ ಒಂದು ಗಿಡ್ಡದಾದ ಪಟ್ಟಿಗಳು. ಹೊರೆ ಬಿದ್ದಾಗ ಬಿಲ್ಲು ಚಪ್ಪಟೆಯಾಗುತ್ತದೆ, ಪಟ್ಟಿಗಳು ಒಂದರ ಮೇಲೊಂದು ಜಾರುತ್ತವೆ; ಹೊರೆ ಇಳಿದೊಡನೆ ಮೊದಲಿನ ಬಾಗು ಮರಳುತ್ತದೆ. ಹೀಗೆ ಉಜ್ಜಿಕೊಳ್ಳುವುದರಿಂದಲೇ ಕುಲುಕಾಟ ಬೇಗ ಅಡಗುತ್ತದೆ. ಇಂಗ್ಲೆಂಡಿನ ಒಬದಯ ಎಲಿಯಟ್ ಎಂಬಾತ ಕುದುರೆ ಸಾರೋಟಿನ ಕಮಾನಿಗೆ ಪೇಟೆಂಟು ಪಡೆದದ್ದು 1804ರಲ್ಲಿ. ತತ್ತ್ವ ಇಂದಿಗೂ ಅದೇ.

ಸಾರೋಟು ಎಂದೂ ಕಡಲಿಗೆ ಇಳಿಯಲಿಲ್ಲ, ತೊಡಕಿರುವುದು ಇಲ್ಲಿ. ಪಟ್ಟಿಗಳ ನಡುವಿನ ಸಂದಿ ಕೂದಲೆಳೆಯಷ್ಟು. ಅದರೊಳಕ್ಕೆ ಉಪ್ಪುನೀರು ತಾನೇ ಏರಿ ಹೋಗುತ್ತದೆ. ಆಮೇಲೆ ಎಷ್ಟು ಸಿಹಿನೀರು ಸುರಿದರೂ ಪೂರ್ತಿ ಹೊರಬರುವುದಿಲ್ಲ. ಕಬ್ಬಿಣವನ್ನು ತಿಂದು ಹುಟ್ಟುವ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದ ಅದು ಪಟ್ಟಿಗಳನ್ನು ಒಂದರಿಂದೊಂದು ಮೀಟಿ ದೂರ ಮಾಡುತ್ತದೆ, ಜಾರುವಿಕೆಯನ್ನು ತಡೆಯುತ್ತದೆ. ತುಕ್ಕು ಕೊರೆದ ಪ್ರತಿಯೊಂದು ಕುಳಿಯೂ ಬಿರುಕಿನ ಬೀಜ. ಹೊರಗಿನ ಬಣ್ಣ ಮಾತ್ರ ಅಚ್ಚುಕಟ್ಟಾಗಿಯೇ ಇರಬಹುದು.

ಇದು ಬರಿಯ ಅಂದಚಂದದ ಪ್ರಶ್ನೆಯಲ್ಲ. ಸುಮಾರು ಆರು ಮೀಟರಿನ ದೋಣಿ, ಯಂತ್ರ, ಬಂಡಿ ಎಲ್ಲ ಸೇರಿದರೆ ಒಂದೂವರೆ ಟನ್ನು ತೂಗಿಯಾವು. ಬಂಡಿ ಎಳೆಯುವ ಕಾರಿಗೆ ಆ ದೇಶದಲ್ಲಿ ಗಂಟೆಗೆ 90 ಕಿಲೋಮೀಟರಿನ ಮಿತಿಯಿದೆ. ಅಚ್ಚನ್ನು ಅದರ ಸ್ಥಾನದಲ್ಲಿ ಹಿಡಿದಿಟ್ಟಿರುವುದು ಕಮಾನಿನ ಮುಂದಿನ ಕಣ್ಣು. ಓಟದಲ್ಲಿ ಅದು ಮುರಿಯಿತೆನ್ನಿ: ಆ ಬದಿಯ ಚಕ್ರ ಹಿಂದಕ್ಕೆ ಸರಿದು ಮಡ್‌ಗಾರ್ಡಿಗೆ ಬಡಿಯುತ್ತದೆ, ಬಂಡಿ ಅಡ್ಡ ತಿರುಗಿ ಕಾರನ್ನೂ ಎಳೆಯುತ್ತದೆ. ಹಿಂದೆ ಬರುವವರ ಗತಿಯೇನು? ಟ್ರೇಲರಿಗೂ ಕಾಲಕಾಲಕ್ಕೆ ತಪಾಸಣೆಯ ಪತ್ರ ಬೇಕೆಂದು ಅಲ್ಲಿನ ಸರ್ಕಾರ ವಿಧಿಸಿರುವುದು ಸುಮ್ಮನೆ ಅಲ್ಲ.

ಸಮನೆಲದಲ್ಲಿ ನಿಂತ ಬಂಡಿ ಒಂದು ಬದಿಗೆ ವಾಲಿದರೆ, ಮಡ್‌ಗಾರ್ಡಿನ ಒಳಗೆ ಟೈರು ಉಜ್ಜಿದ ಹೊಳಪು ಕಂಡರೆ, ಬೋಲ್ಟಿನ ದುಂಡನೆಯ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಕಮಾನಿನ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು.

"ಕುಲುಮೆಯಲ್ಲಿ ಕಾಯಿಸಿ ಮತ್ತೆ ಬಗ್ಗಿಸಲಾಗದೇ?" ಎಂದು ಮಗನನ್ನು ಕೇಳಿದೆ. ನಮ್ಮ ಕಡೆ ಲಾರಿಯ ಹಳೆಯ ಪಟ್ಟಿಯಿಂದ ಕಮ್ಮಾರರು ಮಚ್ಚು ಮಾಡುವುದನ್ನು ಕಂಡವನಲ್ಲವೇ ನಾನು! "ಬಗ್ಗಿಸಬಹುದು ಅಪ್ಪ, ಆದರೆ ಹದ ಹೋಗುತ್ತೆ" ಎಂದ. ಎಷ್ಟು ಒಳ್ಳೆಯ ಮಾತು ಈ ಹದವೆಂಬುದು! ಅಡುಗೆಗೂ ಹೊಲಕ್ಕೂ ಉಕ್ಕಿಗೂ ನಮ್ಮಲ್ಲಿ ಇದೊಂದೇ ಪದ. ಕಮಾನಿನ ಉಕ್ಕನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಅಳೆದ ಶಾಖದಲ್ಲಿ ಕಾಯಿಸಿ ಅದರ ಪುಟಿತನವನ್ನು ಸಾಧಿಸಿರುತ್ತಾರೆ. ಬರಿಯ ಬೆಂಕಿಯ ಅಂದಾಜಿನಲ್ಲಿ ಅದು ಕೆಡುತ್ತದೆ. ಬೆಸುಗೆ ಹಾಕಿದರಂತೂ ಇನ್ನೂ ಕೆಟ್ಟದ್ದು. ಹದ ಉಳಿಯಿತೆಂದೇ ಇಟ್ಟುಕೊಂಡರೂ ತುಕ್ಕು ತಿಂದ ದಪ್ಪ ಮರಳಿ ಬಾರದು. ಪಟ್ಟಿಯ ಬಿಗುವು ಅದರ ದಪ್ಪದ ಘನವನ್ನು ಅನುಸರಿಸುತ್ತದೆ. 6 ಮಿಲಿಮೀಟರಿನ ಪಟ್ಟಿ ಸವೆದು 5 ಆಯಿತೆಂದರೆ ಬಿಗುವು ನೂರಕ್ಕೆ 58ಕ್ಕೆ ಇಳಿಯುತ್ತದೆ. ಮಿತವ್ಯಯಕ್ಕೆ ಬೇರೆ ಎಡೆಗಳಿವೆ.

ಬದಲಾಯಿಸುವಾಗ ಎರಡೂ ಬದಿಯದನ್ನು ಒಟ್ಟಿಗೇ ಬದಲಾಯಿಸಬೇಕು. ಹೊಸದೊಂದು ಹಳೆಯದೊಂದು ಆದರೆ ಬಂಡಿ ಮತ್ತೆ ವಾಲುತ್ತದೆ. ಕಣ್ಣಿನಿಂದ ಕಣ್ಣಿಗೆ ಉದ್ದ, ಪಟ್ಟಿಯ ಅಗಲ, ದಪ್ಪ, ಪಟ್ಟಿಗಳ ಸಂಖ್ಯೆ, ಕಣ್ಣಿನ ಒಳವ್ಯಾಸ ಇಷ್ಟನ್ನೂ ಅಳೆದು ಬರೆದುಕೊಂಡೇ ಅಂಗಡಿಗೆ ಹೋಗಬೇಕು. ಸತುವಿನ ಲೇಪವಿರುವ ಕಮಾನು ಉತ್ತಮ: ಕಡಲು ಮೊದಲು ಸತುವನ್ನು ತಿನ್ನುತ್ತದೆ, ಅಷ್ಟು ದಿನ ಉಕ್ಕು ಉಳಿಯುತ್ತದೆ. ದೋಣಿಯನ್ನು ಇಳಿಸಿ, ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಜಾಕಿಯಿಂದ ಎತ್ತಿ, ಚೌಕಟ್ಟಿನ ಕೆಳಗೆ ಗಟ್ಟಿಯಾದ ಆಧಾರ ಕೊಡಬೇಕು. ಜಾಕಿ ಇರುವುದು ಎತ್ತುವುದಕ್ಕೆ, ಅದರ ಭರವಸೆಯ ಮೇಲೆ ಯಾರೂ ಕೆಳಗೆ ತೂರಬಾರದು. ಅಚ್ಚನ್ನು ಕಮಾನಿಗೆ ಬಿಗಿಯುವ ಯು ಆಕಾರದ ಬೋಲ್ಟುಗಳ ಎಳೆ ಒಮ್ಮೆ ಬಿಗಿದಾಗಲೇ ಹಿಗ್ಗಿರುತ್ತದೆ; ಅವೂ ಹೊಸತೇ ಆಗಲಿ. ಪಟ್ಟಿಗಳನ್ನು ಪೋಣಿಸಿದ ನಡುಬೋಲ್ಟಿನ ತಲೆ ಅಚ್ಚಿನ ಕುಳಿಯಲ್ಲಿ ಸರಿಯಾಗಿ ಕೂರಬೇಕು, ಇಲ್ಲವಾದರೆ ಬಂಡಿ ಏಡಿಯಂತೆ ಓರೆಯಾಗಿ ನಡೆಯುತ್ತದೆ. ಕಾರಿಗೆ ಸಿಕ್ಕಿಸುವ ಮೂತಿಯಿಂದ ಅಚ್ಚಿನ ಎರಡು ತುದಿಗಳಿಗೂ ಟೇಪು ಹಿಡಿದರೆ ಎರಡು ಅಳತೆಯೂ ಒಂದೇ ಬರಬೇಕು. ನಮಗೆ ಮೊದಲು ಬೆರಳಗಲ ವ್ಯತ್ಯಾಸ ಬಂದಿತ್ತು. ಬಿಚ್ಚಿ ಕೂರಿಸಿದ ಮೇಲೆ ಸರಿಹೋಯಿತು.

ಕೆಲವು ಬಂಡಿಗಳಿಗೆ ಕಮಾನೇ ಇರುವುದಿಲ್ಲ. ಚೌಕ ಕೊಳವೆಯೊಳಗೆ ಅದುಮಿದ ರಬ್ಬರು ತಿರುಚಿಕೊಂಡು ಕುಲುಕನ್ನು ಹೀರುತ್ತದೆ. ಅದು ಸೋತರೆ ರಿಪೇರಿಯ ಮಾತಿಲ್ಲ, ಇಡೀ ಅಚ್ಚನ್ನೇ ಬದಲಾಯಿಸಬೇಕು.

ಹೊಸ ಕಮಾನು ಮೊದಲ ಪ್ರಯಾಣದಲ್ಲಿ ತನ್ನ ಸ್ಥಾನದಲ್ಲಿ ಕುಳಿತುಕೊಳ್ಳುತ್ತದೆ. ಆಗ ಯು ಬೋಲ್ಟುಗಳ ಹಿಡಿತ ಕೊಂಚ ಸಡಿಲುತ್ತದೆ. ಆದ್ದರಿಂದ ಮೊದಲ ಸಲ ಕಡಲಿಗೆ ಹೋಗಿ ಬಂದ ಸಂಜೆಯೇ, ಪಟ್ಟಿಗಳ ಸಂದಿಗೆ ಸಿಹಿನೀರು ಹಾಯಿಸಿದ ಮೇಲೆ, ಸ್ಪ್ಯಾನರು ಹಿಡಿದು ನಾಲ್ಕೂ ಬೋಲ್ಟುಗಳ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು.