ಆಮ್ಲ ಮತ್ತು ಪ್ರತ್ಯಾಮ್ಲ

ಆಮ್ಲ ಮತ್ತು ಪ್ರತ್ಯಾಮ್ಲಗಳು ರಸಾಯನಶಾಸ್ತ್ರದಲ್ಲಿ ಪರಸ್ಪರ ವಿರುದ್ಧ ಗುಣಗಳುಳ್ಳ ಎರಡು ಬಗೆಯ ಪದಾರ್ಥಗಳು. ಆಮ್ಲದ ಜಲದ್ರಾವಣವು ಹುಳಿ ರುಚಿಯುಳ್ಳದ್ದು. ನೀಲಿ ಲಿಟ್ಮಸ್ ಕಾಗದವನ್ನು ಕೆಂಪಾಗಿಸುತ್ತದೆ. ಪ್ರತ್ಯಾಮ್ಲದ ದ್ರಾವಣವು ಕಹಿಯಾದುದು, ಮುಟ್ಟಿದರೆ ಸಾಬೂನಿನಂತೆ ಜಾರುವಂಥದ್ದು. ಕೆಂಪು ಲಿಟ್ಮಸ್ಸನ್ನು ನೀಲಿಯಾಗಿಸುತ್ತದೆ. ನೀರಿನಲ್ಲಿ ಕರಗುವ ಪ್ರತ್ಯಾಮ್ಲಗಳಿಗೆ ಕ್ಷಾರಗಳೆಂದು ಹೆಸರು. ಪ್ರಯೋಗಶಾಲೆಯ ಯಾವ ದ್ರಾವಣವನ್ನೂ ರುಚಿ ನೋಡಿ ಅಥವಾ ಮುಟ್ಟಿ ಪರೀಕ್ಷಿಸಬಾರದು.

ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲ ಇವೆ. ಮಲೆನಾಡಿನಲ್ಲಿ ಚಟ್ನಿ ಮಾಡುವ ಚಗಳಿ ಇರುವೆಯ ಹುಳಿಗೆ ಫಾರ್ಮಿಕ್ ಆಮ್ಲ ಕಾರಣ. ಸುಣ್ಣದ ತಿಳಿನೀರು, ಅಡುಗೆ ಸೋಡಾ, ಒಲೆಯ ಬೂದಿ ಕಲಸಿದ ನೀರು ಇವು ಪ್ರತ್ಯಾಮ್ಲೀಯವಾದವು. ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣಿನಿಂದ ಉಜ್ಜಿದಾಗ ಹೊಳಪು ಬರುವುದು ಮೇಲಿನ ಆಕ್ಸೈಡ್ ಪದರವನ್ನು ಆಮ್ಲವು ಕರಗಿಸುವುದರಿಂದ. ಅದೇ ಕಾರಣಕ್ಕೆ ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಪದಾರ್ಥವನ್ನು ಇಡುವುದಿಲ್ಲ; ತಾಮ್ರದ ಅಂಶ ಆಹಾರದೊಳಗೆ ಇಳಿಯುತ್ತದೆ.

ಹೆಸರಿನಲ್ಲಿ ಉಳಿದ ತಪ್ಪು

18ನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಲಾವೋಸಿಯೆ, ಎಲ್ಲ ಆಮ್ಲಗಳಲ್ಲೂ ಒಂದೇ ಮೂಲವಸ್ತು ಇರುತ್ತದೆಂದು ಭಾವಿಸಿ, ಅದಕ್ಕೆ ಆಮ್ಲವನ್ನು ಹುಟ್ಟಿಸುವುದು ಎಂಬ ಅರ್ಥದ ಗ್ರೀಕ್ ಪದಗಳಿಂದ ಆಕ್ಸಿಜನ್ ಎಂದು ಹೆಸರಿಟ್ಟನು. ಕನ್ನಡದ ‘ಆಮ್ಲಜನಕ’ ಅದರ ನೇರ ಅನುವಾದ. ಆದರೆ 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ಇಂದು ಹೈಡ್ರೋಕ್ಲೋರಿಕ್ ಎನ್ನುವ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೆಂದೂ ಅದು ಹೈಡ್ರೋಜನ್ ಮತ್ತು ಕ್ಲೋರಿನ್‌ಗಳಿಂದಾದುದೆಂದೂ ತೋರಿಸಿದನು. ಲಾವೋಸಿಯೆಯ ಊಹೆ ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು. ಸಾಮಾನ್ಯ ಆಮ್ಲಗಳ ಹುಳಿಗೆ ಕಾರಣವಾದುದು ಜಲಜನಕವೇ ಹೊರತು ಆಮ್ಲಜನಕವಲ್ಲ. ಆಮ್ಲಜನಕ ಎಂಬ ಪದವನ್ನು ಬಿಡಿಸಿ ಅರ್ಥ ಮಾಡಿಕೊಳ್ಳುವ ಕನ್ನಡ ವಿದ್ಯಾರ್ಥಿಯು ಇಲ್ಲಿ ಎಡವುವುದು ಸಹಜ.

ವ್ಯಾಖ್ಯೆಗಳು

ಸ್ವೀಡನ್ನಿನ ಸ್ವಾಂಟೆ ಅರೀನಿಯಸ್‌ನ ಪ್ರಕಾರ ನೀರಿನಲ್ಲಿ ಹೈಡ್ರೋಜನ್ ಅಯಾನುಗಳನ್ನು ಬಿಡುವುದು ಆಮ್ಲ, ಹೈಡ್ರಾಕ್ಸೈಡ್ ಅಯಾನುಗಳನ್ನು ಬಿಡುವುದು ಪ್ರತ್ಯಾಮ್ಲ. ಅಯಾನು ಸಿದ್ಧಾಂತಕ್ಕಾಗಿ ಆತನಿಗೆ 1903ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಅಮೋನಿಯಾದ ಅಣುವಿನಲ್ಲಿ ಹೈಡ್ರಾಕ್ಸೈಡ್ ಇಲ್ಲದಿದ್ದರೂ ಅದು ಪ್ರತ್ಯಾಮ್ಲ. 1923ರಲ್ಲಿ ಬ್ರಾನ್ಸ್ಟೆಡ್ ಮತ್ತು ಲೌರಿ ಬೇರೆಬೇರೆಯಾಗಿ ಈ ತೊಡಕನ್ನು ಬಿಡಿಸಿದರು: ಪ್ರೋಟಾನನ್ನು ಕೊಡುವುದು ಆಮ್ಲ, ಪಡೆಯುವುದು ಪ್ರತ್ಯಾಮ್ಲ. ಅಮೋನಿಯಾ ನೀರಿನಿಂದ ಒಂದು ಪ್ರೋಟಾನನ್ನು ಪಡೆದಾಗ ಹೈಡ್ರಾಕ್ಸೈಡ್ ಹಿಂದೆ ಉಳಿಯುತ್ತದೆ. ಅದೇ ವರ್ಷ ಲೂಯಿಸ್ ಇಲೆಕ್ಟ್ರಾನ್ ಜೋಡಿಯ ಕೊಡುಕೊಳ್ಳುವಿಕೆಯ ಆಧಾರದ ಮೇಲೆ ಇನ್ನೂ ವ್ಯಾಪಕವಾದ ವ್ಯಾಖ್ಯೆಯನ್ನು ಕೊಟ್ಟನು.

ಪ್ರಬಲತೆ ಮತ್ತು ಸಾರತೆ ಒಂದೇ ಅಲ್ಲ. ಹೈಡ್ರೋಕ್ಲೋರಿಕ್ ಆಮ್ಲ ನೀರಿನಲ್ಲಿ ಬಹುಪಾಲು ಪೂರ್ತಿಯಾಗಿ ಅಯಾನುಗಳಾಗಿ ಒಡೆಯುವುದರಿಂದ ಪ್ರಬಲ ಆಮ್ಲ. ವಿನೆಗರಿನ ಅಸಿಟಿಕ್ ಆಮ್ಲದ ಅಲ್ಪ ಭಾಗ ಮಾತ್ರ ಒಡೆಯುವುದರಿಂದ ದುರ್ಬಲ ಆಮ್ಲ. ಸಾರತೆಯೆಂದರೆ ದ್ರಾವಣದಲ್ಲಿ ಎಷ್ಟು ಆಮ್ಲವಿದೆಯೆಂಬುದು. ಸಾರೀಕೃತ ಅಸಿಟಿಕ್ ಆಮ್ಲ ‘ದುರ್ಬಲ’ವಾದರೂ ಚರ್ಮವನ್ನು ಸುಡುತ್ತದೆ.

ಸೂಚಕಗಳು ಮತ್ತು ಪಿಎಚ್

ಲಿಟ್ಮಸ್ ಕಲ್ಲುಹೂವುಗಳಿಂದ ತೆಗೆದ ಬಣ್ಣ. ಅರಿಸಿನವೂ ಒಂದು ಸೂಚಕವೇ. ಆರತಿಗೆ ಅರಿಸಿನದ ನೀರಿಗೆ ಸುಣ್ಣ ಬೆರೆಸಿದಾಗ ಓಕುಳಿ ಕೆಂಪಾಗುವುದೂ, ಬಟ್ಟೆಯ ಅರಿಸಿನದ ಕಲೆ ಸಾಬೂನು ತಗಲಿ ಕೆಂಪಾಗುವುದೂ ಒಂದೇ ಕ್ರಿಯೆ. ಆದರೆ ಆಮ್ಲದಲ್ಲೂ ಶುದ್ಧ ನೀರಿನಲ್ಲೂ ಅರಿಸಿನ ಹಳದಿಯಾಗಿಯೇ ಇರುವುದರಿಂದ ಅವೆರಡನ್ನು ಅದು ಬೇರ್ಪಡಿಸಲಾರದು.

ಡೆನ್ಮಾರ್ಕಿನ ಸೋರೆನ್ಸೆನ್ 1909ರಲ್ಲಿ ಪಿಎಚ್ ಮಾನವನ್ನು ರೂಪಿಸಿದನು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನ ಪಿಎಚ್ 7. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಪ್ರತ್ಯಾಮ್ಲ. ಒಂದೊಂದು ಅಂಕೆಗೂ ಹತ್ತು ಪಟ್ಟು ವ್ಯತ್ಯಾಸ. ನಿಂಬೆರಸದ ಪಿಎಚ್ ಸುಮಾರು 2. ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45ರ ಕಿರಿದಾದ ಮಿತಿಯಲ್ಲೇ ಇರುತ್ತದೆ.

ತಟಸ್ಥೀಕರಣ

ಆಮ್ಲವೂ ಪ್ರತ್ಯಾಮ್ಲವೂ ಕೂಡಿದರೆ ಸಾಮಾನ್ಯವಾಗಿ ಲವಣ ಮತ್ತು ನೀರು ಉಂಟಾಗಿ ಶಾಖ ಹೊರಬೀಳುತ್ತದೆ:

ಹೈಡ್ರೋಕ್ಲೋರಿಕ್ ಆಮ್ಲ + ಸೋಡಿಯಂ ಹೈಡ್ರಾಕ್ಸೈಡ್ → ಅಡುಗೆ ಉಪ್ಪು + ನೀರು

ಹೆಚ್ಚು ಮಳೆ ಬೀಳುವ ಮಲೆನಾಡು ಮತ್ತು ಕರಾವಳಿಯಲ್ಲಿ ನೀರಿನೊಡನೆ ಕ್ಯಾಲ್ಸಿಯಂ ಮೊದಲಾದ ಅಂಶಗಳು ಕೊಚ್ಚಿಹೋಗಿ ಮಣ್ಣು ಹುಳಿಯಾಗಿರುತ್ತದೆ. ಅಲ್ಲಿನ ರೈತರು ಗದ್ದೆ ತೋಟಗಳಿಗೆ ಸುಣ್ಣ ಹಾಕುವುದು ಇದಕ್ಕಾಗಿಯೇ.

ಎಚ್ಚರಿಕೆ

ಸಾರೀಕೃತ ಸಲ್ಫ್ಯೂರಿಕ್ ಆಮ್ಲವನ್ನು ತೆಳುಗೊಳಿಸುವಾಗ ನೀರಿಗೆ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು. ಆಮ್ಲಕ್ಕೆ ನೀರು ಸುರಿದರೆ ಹುಟ್ಟುವ ಶಾಖದಿಂದ ನೀರು ಕುದಿದು ಆಮ್ಲ ಮೇಲಕ್ಕೆ ಸಿಡಿಯುತ್ತದೆ. ಶೌಚಾಲಯ ತೊಳೆಯುವ ಆಸಿಡ್ಡನ್ನು ಬ್ಲೀಚಿಂಗ್ ಪೌಡರಿನೊಡನೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.

ಆಮ್ಲವೊಂದೇ ಅಪಾಯಕಾರಿಯೆಂಬ ತಿಳಿವಳಿಕೆ ಸರಿಯಲ್ಲ. ಕಣ್ಣಿಗೆ ಬಿದ್ದ ಕ್ಷಾರವು ಒಳಪದರಗಳಿಗೆ ಇಳಿಯುತ್ತ ಹೋಗುವುದರಿಂದ ಹಲವು ವೇಳೆ ಆಮ್ಲಕ್ಕಿಂತಲೂ ಹೆಚ್ಚು ಹಾನಿ ಮಾಡುತ್ತದೆ. ಎಲೆಯಡಿಕೆಯ ಸುಣ್ಣ ಮಕ್ಕಳ ಕಣ್ಣಿಗೆ ಸಿಡಿದು ದೃಷ್ಟಿಗೆ ಕುತ್ತು ಬಂದದ್ದುಂಟು. ಅಂಥ ಸಮಯದಲ್ಲಿ ನಿಂಬೆರಸ ಮುಂತಾದವುಗಳಿಂದ ತಟಸ್ಥಗೊಳಿಸಲು ಹೋಗದೆ, ಕೂಡಲೇ ಶುದ್ಧ ನೀರಿನಿಂದ ಕನಿಷ್ಠ 15ರಿಂದ 20 ನಿಮಿಷ ತೊಳೆಯುತ್ತಿದ್ದು, ವೈದ್ಯರ ಬಳಿಗೆ ಕರೆದೊಯ್ಯಬೇಕು.